ಆಸ್ಕರ್ ಮೀನಿನ ತಲೆಯಲ್ಲಿ ಗುಳಿ ಬಿದ್ದರೆ

ಕಂಬಂ ಕಣಿವೆಯಲ್ಲೋ ದಿಂಡಿಗಲ್ಲಿನಲ್ಲೋ ಮನೆಯ ಗಾಜಿನ ತೊಟ್ಟಿಯಲ್ಲಿ ಆಸ್ಕರ್, ಫ್ಲವರ್‌ಹಾರ್ನ್ ಅಥವಾ ಡಿಸ್ಕಸ್ ಸಾಕಿದ್ದೀರಾ? ಮೂರೂ ಸಿಕ್ಲಿಡ್ ಕುಟುಂಬದ ಮೀನುಗಳು. ಈ ಕುಟುಂಬವನ್ನು ಹೆಚ್ಚು ಕಾಡುವುದು ತಲೆ ತೂತಾಗುವ ರೋಗ. ಮೊದಲು ಕಣ್ಣಿನ ಮೇಲ್ಭಾಗದಲ್ಲಿ ಸೂಜಿಮೊನೆಯಷ್ಟು ಗುಳಿ ಕಾಣುತ್ತದೆ. ಆಮೇಲೆ ಅದು ಅಗಲವಾಗಿ, ಬಿಳಿ ಲೋಳೆ ಕಟ್ಟಿ, ಪಕ್ಕೆಯ ಗೆರೆಯುದ್ದಕ್ಕೂ ಚರ್ಮ ಸವೆಯುತ್ತದೆ.

ಗಾಬರಿಯಾಗುವ ಮೊದಲು ಸರಿಯಾಗಿ ನೋಡಿ. ಆಸ್ಕರ್‌ನ ತಲೆಯಲ್ಲಿ ಸಹಜವಾಗಿಯೇ ಸಣ್ಣ ರಂಧ್ರಗಳಿರುತ್ತವೆ. ನೀರಿನ ಅಲುಗಾಟವನ್ನು ಮೀನು ತಿಳಿಯುವುದು ಅವುಗಳಿಂದಲೇ. ಎಡಕ್ಕೂ ಬಲಕ್ಕೂ ಒಂದೇ ರೀತಿ ಇದ್ದು, ಅಂಚು ನುಣುಪಾಗಿದ್ದರೆ ಅದು ರೋಗವಲ್ಲ. ಅಂಚು ಹರಿದಂತಿದ್ದು, ಮೀನು ಕಪ್ಪಾಗಿ, ತಿನ್ನದೆ, ಬಿಳಿ ದಾರದಂಥ ಮಲ ಹಾಕುತ್ತಿದ್ದರೆ ರೋಗವೇ ಇರಬಹುದು.

ಕಾರಣ ಒಂದೇ ಅಲ್ಲ. ಸ್ಪೈರೊನ್ಯೂಕ್ಲಿಯಸ್ ಎಂಬ ಬಾಲವುಳ್ಳ ಸೂಕ್ಷ್ಮಜೀವಿ ಮೀನಿನ ಕರುಳಿನಲ್ಲಿ ಸುಮ್ಮನೆ ಇರುತ್ತದೆ. ಇಕ್ಕಟ್ಟು, ಕೊಳಕು ನೀರು, ವಿಟಮಿನ್ ಸಿ ಮತ್ತು ಖನಿಜಗಳ ಕೊರತೆಯಿಂದ ಮೀನು ಸೊರಗಿದಾಗ ಅದಕ್ಕೆ ಬಲ ಬರುತ್ತದೆ. ಫಿಲ್ಟರಿನ ಇದ್ದಿಲ ಮೇಲೂ ಅನುಮಾನವಿದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಲಿಗ್ನೈಟ್ ಇದ್ದಿಲು ಸಮುದ್ರದ ಸರ್ಜನ್ ಮೀನುಗಳಿಗೆ ಇಂಥದೇ ಸವೆತ ತಂದಿತ್ತು. ಸಿಹಿನೀರಿನ ಮೀನಿಗೆ ಅದು ನೇರ ಸಾಕ್ಷ್ಯವಲ್ಲ. ಆದರೂ ನಾನಾದರೆ ಇದ್ದಿಲು ತೆಗೆದು ಬರೀ ಸ್ಪಂಜು ಇಡುತ್ತೇನೆ.

ನಮ್ಮ ಕಡೆ ಹೆಚ್ಚು ಗಮನಿಸಬೇಕಾದದ್ದು ನೈಟ್ರೇಟ್. ಮೀನಿನ ಹೊಲಸು ಕೊನೆಗೆ ತಲುಪುವ ರೂಪ ಇದು, ತೋಟಕ್ಕೆ ಹಾಕುವ ಯೂರಿಯಾದಿಂದಲೂ ಬರುತ್ತದೆ. "ವಾರಾವಾರ ನೀರು ಬದಲಿಸುತ್ತೇನಲ್ಲ, ಮತ್ತೇಕೆ?" ಎನ್ನುತ್ತೀರಿ. ದ್ರಾಕ್ಷಿತೋಟ, ಬಾಳೆತೋಟಗಳ ನಡುವಿನ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇದ್ದರೆ ಎಷ್ಟು ಬದಲಿಸಿದರೇನು? ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆಸ್ಕರ್‌ ತೊಟ್ಟಿಯಲ್ಲಿ 20ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಹಾಗಾಗಿ ತೊಟ್ಟಿಯ ನೀರಿಗಿಂತ ಮೊದಲು ಬೋರ್ ನೀರನ್ನು ಪರೀಕ್ಷಿಸಿ. ಕಿಟ್‌ಗೆ ಕೆಲವು ನೂರು ರೂಪಾಯಿ, ಮುಂದೆ ಹೇಳುವ ಮಾತ್ರೆಗಿಂತ ದುಬಾರಿ, ಆದರೂ ಮೊದಲು ಅದನ್ನೇ ಕೊಳ್ಳಿ. ನೈಟ್ರೇಟ್ ಹೆಚ್ಚಿದ್ದರೆ ಅರ್ಧ ಬೋರ್ ನೀರಿಗೆ ಅರ್ಧ ಆರ್‌ಒ ನೀರೋ ಮಳೆನೀರೋ ಬೆರೆಸಿ. ಮುಲ್ಲಪೆರಿಯಾರ್ ಅಣೆಕಟ್ಟಿನ ಕಡೆಯಿಂದ ಬರುವ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ.

ಎರಡು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಬರೀ ಕೋಳಿ ಮಾಂಸ ಹಾಕುವುದನ್ನು ನಿಲ್ಲಿಸಿ, ವಿಟಮಿನ್ ಸೇರಿದ ಮೀನಿನ ಆಹಾರದ ಕಾಳು ಕೊಡಿ. ವಿಟಮಿನ್ ಸಿ ಬೇಗ ಕೆಡುತ್ತದೆ, ಅದಕ್ಕೇ ಚಿಕ್ಕ ಪೊಟ್ಟಣ ಕೊಳ್ಳಿ. ಒಂದಡಿ ಬೆಳೆಯುವ ಆಸ್ಕರ್‌ಗೆ ಸುಮಾರು 300 ಲೀಟರಿನ ತೊಟ್ಟಿ ಬೇಕು. ಆರಂಭದ ಗುಳಿಗಳು ಎಷ್ಟೋ ಸಲ ಇಷ್ಟಕ್ಕೇ ನಿಲ್ಲುತ್ತವೆ.

ನಿಲ್ಲದಿದ್ದರೆ ಮೆಟ್ರೊನಿಡಜೋಲ್. ಮನುಷ್ಯರಿಗೆ ಭೇದಿಗೆ ಕೊಡುವ ಅದೇ ಮಾತ್ರೆ, ಪಟ್ಟಿಗೆ ಹತ್ತಾರು ರೂಪಾಯಿ ಅಷ್ಟೆ. ಆದರೆ ವೈದ್ಯರ ಚೀಟಿ ಬೇಕು. ತೇನಿಯಲ್ಲಿ ಪಶುವೈದ್ಯ ಕಾಲೇಜಿದೆ, ಮೀನನ್ನೂ ನೋಡುತ್ತಾರೆಯೇ ಎಂದು ಮೊದಲು ವಿಚಾರಿಸಿ ಹೋಗಿ. ರೂಢಿಯಲ್ಲಿರುವ ಅಳತೆ 60 ಲೀಟರಿಗೆ 400 ಮಿಲಿಗ್ರಾಮಿನ ಒಂದು ಮಾತ್ರೆ, ದಿನಕ್ಕೊಮ್ಮೆಯಂತೆ ಐದು ದಿನ. ಪ್ರತಿ ಸಲವೂ ಮೊದಲು ಒಂದಿಷ್ಟು ನೀರು ಬದಲಿಸಬೇಕು. ಮಾತ್ರೆ ಸುಲಭವಾಗಿ ಕರಗದು, ನುಣ್ಣಗೆ ಪುಡಿಮಾಡಿ ಉಗುರುಬೆಚ್ಚನೆಯ ನೀರಿನಲ್ಲಿ ಕಲಸಿ ಹಾಕಿ. ಇದ್ದಿಲು ಔಷಧವನ್ನೇ ಹೀರಿಬಿಡುತ್ತದೆ, ಆಗಂತೂ ಅದು ಫಿಲ್ಟರಿನಲ್ಲಿ ಇರಲೇಬಾರದು. ಮೀನು ಇನ್ನೂ ತಿನ್ನುತ್ತಿದ್ದರೆ ಔಷಧವನ್ನು ಆಹಾರದಲ್ಲಿ ಬೆರೆಸುವುದೇ ಮೇಲು, ರೋಗಾಣು ಇರುವುದು ಕರುಳಿನಲ್ಲಿ ತಾನೆ! ಆ ಅಳತೆಯನ್ನು ವೈದ್ಯರಿಂದಲೇ ಕೇಳಿಕೊಳ್ಳಿ. ತಿನ್ನಲು ಸಾಕುವ ಮೀನಿಗೆ ಮಾತ್ರ ಈ ಔಷಧ ಬೇಡ.

ಗಾಯ ಮಾಯಲು ವಾರಗಳು ಹಿಡಿಯುತ್ತವೆ. ಆಳವಾದ ಗುಳಿಯ ಕಲೆ ಉಳಿದೇ ಉಳಿಯುತ್ತದೆ. ಕಲೆ ಇದೆಯೆಂದು ಮತ್ತೆ ಮಾತ್ರೆ ಹಾಕಬೇಡಿ.