ಬೇಯಿಸಿ ಓದುವ ವಾರ್ಷಿಕ ವರದಿ

ಕಂಪನಿಯ ವಾರ್ಷಿಕ ವರದಿಗೆ ಷೇರುದಾರರ ಮನೆಯಲ್ಲಿ ಸಿಗುವ ಮರ್ಯಾದೆ ಅಷ್ಟಕ್ಕಷ್ಟೆ. ಲಾಭಾಂಶವೆಷ್ಟೆಂದು ನೋಡಿ ಮಿಕ್ಕದ್ದನ್ನು ಬದಿಗಿಡುವವರೇ ಹೆಚ್ಚು. ಅಂಕಿಗಳ ಈ ಮರುಭೂಮಿಯಲ್ಲಿ ಓದುಗರನ್ನು ನಾಲ್ಕು ಹೆಜ್ಜೆ ನಡೆಸುವುದು ಹೇಗೆ? ಇದಕ್ಕೆ ಉತ್ತರ ಹುಡುಕಹೊರಟವರು ಲೆಕ್ಕಿಗರಲ್ಲ, ಚಿತ್ರಕಾರರು.

1950ರ ದಶಕದಲ್ಲಿ ಅಮೆರಿಕದ ಜನರಲ್ ಡೈನಮಿಕ್ಸ್ ಕಂಪನಿಯು ತನ್ನ ಭಿತ್ತಿಪತ್ರಗಳ ಹಾಗೂ ವಾರ್ಷಿಕ ವರದಿಗಳ ವಿನ್ಯಾಸವನ್ನು ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಎರಿಕ್ ನಿಟ್ಶೆ ಎಂಬ ಕಲಾವಿದರಿಗೆ ಒಪ್ಪಿಸಿತು. ಪರಮಾಣುಶಕ್ತಿಯಿಂದ ಚಲಿಸುವ ಪ್ರಪಂಚದ ಮೊದಲ ಜಲಾಂತರ್ಗಾಮಿ ‘ನಾಟಿಲಸ್’ ಅನ್ನು ಕಟ್ಟಿದುದು ಈ ಕಂಪನಿಯೇ. ಆದರೆ ಅದರ ಒಡಲಿನ ಯಂತ್ರಗಳು ರಕ್ಷಣಾ ರಹಸ್ಯ; ಚಿತ್ರಿಸುವಂತಿಲ್ಲ. ನಿಟ್ಶೆಯವರು 1955ರ ಜಿನೀವಾ ಪ್ರದರ್ಶನದ ಭಿತ್ತಿಪತ್ರದಲ್ಲಿ, ನಾಟಿಲಸ್ ಎಂಬ ಕಡಲಜೀವಿಯ ಸುರುಳಿ ಚಿಪ್ಪಿನೊಳಗಿಂದ ನೌಕೆಯು ಹೊರಚಿಮ್ಮುವಂತೆ ತೋರಿಸಿದರು. ಅದೇ ದಿಟ್ಟ ವರ್ಣಗಳೂ ಆಕೃತಿಗಳೂ ಕಂಪನಿಯ ವರದಿಗಳಿಗೂ ಕಳೆಕೊಟ್ಟವು.

ಅರ್ಧ ಶತಮಾನದ ತರುವಾಯ ಕ್ರೊಯೇಷಿಯಾದ ಪೊದ್ರಾವ್ಕಾ ಎಂಬ ಆಹಾರ ಕಂಪನಿ ಇನ್ನೂ ಮುಂದೆ ಹೋಯಿತು. 2007ರಲ್ಲಿ ಹೊರಬಂದ ಅದರ ವರದಿಯೊಳಗೆ ಅಡುಗೆಯ ಪುಟ್ಟ ಪುಸ್ತಕವೊಂದಿತ್ತು. ತೆರೆದರೆ ಪುಟಗಳೆಲ್ಲ ಬರಿದು! ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, 100 ಡಿಗ್ರಿ ಶಾಖದ ಓವನ್ನಿನಲ್ಲಿ 25 ನಿಮಿಷ ಇಟ್ಟರೆ ಅಕ್ಷರಗಳೂ ಚಿತ್ರಗಳೂ ಮೂಡುತ್ತಿದ್ದವು. ಪಾಕವಿಧಾನಗಳನ್ನು ಮುದ್ರಿಸಿದ್ದುದು ಶಾಖಕ್ಕೆ ಬಣ್ಣ ತಳೆಯುವ ಶಾಯಿಯಲ್ಲಿ. ಅಡುಗೆಯ ಕಂಪನಿಗೆ ಇದಕ್ಕಿಂತ ಒಪ್ಪುವ ಚಮತ್ಕಾರವುಂಟೆ? ಗಮನಿಸಬೇಕಾದ ಅಂಶ ಇನ್ನೊಂದಿದೆ: ಬೇಯಿಸಬೇಕಾದದ್ದು ಪಾಕವಿಧಾನವನ್ನು ಮಾತ್ರ, ಲೆಕ್ಕಪತ್ರವೆಲ್ಲ ಸಾಮಾನ್ಯ ಶಾಯಿಯಲ್ಲಿಯೇ ಇತ್ತು.

ಎಲ್ಲ ವರದಿಗಳಿಗೂ ಈ ಮಾತು ಸಲ್ಲದು. ಅಮೆರಿಕದ ಎನ್ರಾನ್ ಕಂಪನಿಯ 2000ನೆಯ ವರ್ಷದ ವರದಿಯನ್ನು ನೋಡಿ. ಗೌರವ, ಪ್ರಾಮಾಣಿಕತೆ ಮುಂತಾದ ಮೌಲ್ಯಗಳನ್ನು ಅದು ಸ್ಪಷ್ಟವಾಗಿ ಸಾರಿತ್ತು. ವರಮಾನ 10,000 ಕೋಟಿ ಡಾಲರನ್ನು ದಾಟಿದುದಾಗಿ ಹೇಳಿತ್ತು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ನಡೆಸುತ್ತಿದ್ದ ಸಂಸ್ಥೆಗಳೊಡನೆಯೇ ಕಂಪನಿ ವ್ಯವಹರಿಸಿದ ಸಂಗತಿ ಮಾತ್ರ ಹಿಂಬದಿಯ ಟಿಪ್ಪಣಿಗಳಲ್ಲಿ, ಪರಿಣತರಿಗೂ ಬಿಡಿಸಲು ಕಷ್ಟವಾದ ವಾಕ್ಯಗಳಲ್ಲಿ ಹುದುಗಿತ್ತು. 2001ರ ಡಿಸೆಂಬರ್ 2ರಂದು ಎನ್ರಾನ್ ದಿವಾಳಿಯ ಅರ್ಜಿ ಹಾಕಿತು. ಸಾವಿರಾರು ನೌಕರರು ಕೆಲಸವನ್ನು ಕಳೆದುಕೊಂಡರು. ನಿವೃತ್ತಿಗೆಂದು ಕೂಡಿಟ್ಟ ಹಣವೂ ಅನೇಕರ ಪಾಲಿಗೆ ಕರಗಿಹೋಯಿತು.

ಹಾಗೆಂದು ಚಿತ್ರಕಲೆಯನ್ನು ದೂರುವುದು ನ್ಯಾಯವಲ್ಲ. ನಿಟ್ಶೆಯವರ ಚಿಪ್ಪಾಗಲಿ, ಪೊದ್ರಾವ್ಕಾದ ಶಾಯಿಯಾಗಲಿ ಕಂಪನಿಯ ಕಸುಬನ್ನು ಒಂದೇ ನೋಟಕ್ಕೆ ಮನಗಾಣಿಸುತ್ತದೆ. ಪುಟ ತಿರುವುವ ಉತ್ಸಾಹವನ್ನು ನೀಡುತ್ತದೆ. ಚಿತ್ರದ ಕೆಲಸ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆಗೆ ಲೆಕ್ಕಪರಿಶೋಧಕರ ಅಭಿಪ್ರಾಯ, ಸಾಲದ ಮೊತ್ತ, ನಗದಿನ ಹರಿವು, ಸಣ್ಣಕ್ಷರದ ಟಿಪ್ಪಣಿ ಇವುಗಳನ್ನು ಪರೀಕ್ಷಿಸುವ ಹೊಣೆ ಮನೆಯ ಉಳಿತಾಯವನ್ನು ಷೇರಿನಲ್ಲಿ ತೊಡಗಿಸಿದ ನಮ್ಮದೇ. ವರದಿಯು ಇಂದು ಮಿಂಚಂಚೆಯಲ್ಲಿ ಬಂದರೂ ಆ ಪುಟಗಳಿರುವುದು ಕೊನೆಯಲ್ಲಿಯೇ. ಮುಖಪುಟವನ್ನು ಮೆಚ್ಚಿದವರು ಅಲ್ಲಿಯವರೆಗೂ ಹೋಗಿಬರುವುದು ಲೇಸು.