ಗರ್ಭಕೋಶದ ಶಸ್ತ್ರಚಿಕಿತ್ಸೆ ಹಾಗೂ ತರುವಾಯದ ಅಂಗಸಾಧನೆ

ಆಲಮೇಲ ಸೀಮೆಯ ಹೆಣ್ಣುಮಗಳು ಗರ್ಭಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ವಿಜಯಪುರದಿಂದಲೋ ಕಲಬುರಗಿಯಿಂದಲೋ ಮನೆಗೆ ಮರಳಿದಳೆಂದರೆ, ಮೊದಲ ಕೆಲವು ದಿನ ಆಕೆಯನ್ನು ಬಾಣಂತಿಯಂತೆ ಹೊರಸಿನಿಂದ ಕೆಳಗಿಳಿಯಗೊಡುವುದಿಲ್ಲ. ಹೊಲಿಗೆ ಮಾಯ್ದುದು ಕಂಡೊಡನೆ ಕೊಡ, ಕಣಿಕೆಯ ಹೊರೆ, ಕಬ್ಬಿನ ಹೊಲ ಎಲ್ಲವೂ ಮೊದಲಿನಂತೆ ಆಕೆಯ ಪಾಲಿಗೆ ಬರುತ್ತವೆ. ಶರೀರಕ್ಕೆ ಬೇಕಾದುದು ಇದಕ್ಕೆ ವಿಪರೀತವಾದುದು: ಏಳುವುದು ಬೇಗ ಆಗಬೇಕು, ಹೊರುವುದು ತಡವಾಗಬೇಕು. ಫಿಸಿಯೋಥೆರಪಿಯವರು ಕಲಿಸುವುದೂ ಇದನ್ನೇ.

ಒಂದು ಕಾಲಕ್ಕೆ ವೈದ್ಯರೂ ಹಾಸಿಗೆಯನ್ನೇ ಔಷಧವೆಂದು ನಂಬಿದ್ದರು. ಇಂಥ ರೋಗಿಗಳನ್ನು ಬೇಗ ಎಬ್ಬಿಸಬೇಕೆಂದು ಶಿಕಾಗೋದ ಎಮಿಲ್ ರೀಸ್ 1899ರಲ್ಲಿ ಬರೆದರೂ, ಅದು ವ್ಯಾಪಕವಾಗಿ ರೂಢಿಗೆ ಬಂದುದು ಎರಡನೆಯ ಮಹಾಯುದ್ಧದ ಕಾಲಕ್ಕೆ. ಮಲಗಿಯೇ ಇದ್ದವರ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಎಚ್ಚರವಾದೊಡನೆ ಪಾದಗಳನ್ನು ಆಡಿಸುವುದು, ದೀರ್ಘವಾಗಿ ಉಸಿರಾಡುವುದು, ವೈದ್ಯರ ಅಪ್ಪಣೆ ಪಡೆದು ಸಾಧ್ಯವಾದರೆ ಮೊದಲ ದಿನವೇ ನಾಲ್ಕು ಹೆಜ್ಜೆ ನಡೆಯುವುದು ಅಗತ್ಯ. ನೆಟ್ಟಗೆ ಏಳದೆ, ಮಗ್ಗುಲಿಗೆ ಹೊರಳಿ ಕೈಯೂರಿ ಏಳಬೇಕು. ಕೆಮ್ಮುವಾಗ ತಲೆದಿಂಬನ್ನು ಹೊಟ್ಟೆಗೆ ಒತ್ತಿಹಿಡಿಯಬೇಕು.

ಮುಖ್ಯ ಸಾಧನೆಯು ನೋಡುವವರ ಕಣ್ಣಿಗೆ ಕಾಣದ್ದು. ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶ, ಕರುಳುಗಳನ್ನು ಜೋಳಿಗೆಯಂತೆ ಹಿಡಿದಿರುವ ಸ್ನಾಯುಗಳಿವೆ. ಹೆರಿಗೆಗಳಿಂದಲೂ ಭಾರ ಹೊರುವುದರಿಂದಲೂ ಅವು ಸಡಿಲಗೊಂಡು, ಕೆಮ್ಮಿದರೆ ಸೀನಿದರೆ ಮೂತ್ರ ಸೋರುತ್ತದೆ. ಇದನ್ನು ಹೇಳಿಕೊಳ್ಳಲು ನಾಚಿ ಎಷ್ಟೋ ತಾಯಂದಿರು ಜಾತ್ರೆ ಮದುವೆಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಈ ಸ್ನಾಯುಗಳ ವ್ಯಾಯಾಮವನ್ನು ಅಮೆರಿಕದ ಆರ್ನಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದರು. ಮೂತ್ರದ ನಳಿಕೆ ತೆಗೆದ ಬಳಿಕ, ವೈದ್ಯರನ್ನು ಕೇಳಿ, ಮೂತ್ರವನ್ನೂ ವಾಯುವನ್ನೂ ತಡೆಯುವಂತೆ ಆ ಭಾಗವನ್ನು ಮೇಲಕ್ಕೆ ಸೆಳೆದು, ಐದು ಎಣಿಸುವಷ್ಟು ಹಿಡಿದು, ಪೂರ್ತಿ ಸಡಿಲಿಸಬೇಕು. ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು. ಫಲ ಕಾಣಲು ಸುಮಾರು ಮೂರು ತಿಂಗಳು ಹಿಡಿಯುವುದರಿಂದ ಎಂಟು ದಿನಕ್ಕೆ ಬೇಸತ್ತು ಬಿಟ್ಟರೆ ಪ್ರಯೋಜನವಿಲ್ಲ.

ಇನ್ನು ಹೊರುವ ಮಾತು. 15 ಲೀಟರಿನ ಕೊಡದಲ್ಲಿ ನೀರೇ 15 ಕಿಲೋ. ಮೇಲಿನ ಹೊಲಿಗೆ ಮಾಯ್ದರೂ ಒಳಗಿನ ಗಾಯಕ್ಕೆ ಆರು ವಾರಗಳಾದರೂ ಬೇಕು. ಜಾರಿದ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಗಿದ್ದರೆ ಮೂರು ತಿಂಗಳವರೆಗೂ ಭಾರ ಬೇಡವೆನ್ನುವುದುಂಟು. ಕೂಲಿಯವಳಿಗೆ ಅದು ಮೂರು ತಿಂಗಳ ಅನ್ನ. ಸಲಹೆ ಕೊಡುವವರು ಇದನ್ನು ಮರೆಯುವುದೇ ಹೆಚ್ಚು. ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಕೂಲಿ ತಪ್ಪಬಾರದೆಂದು ಗರ್ಭಕೋಶವನ್ನೇ ತೆಗೆಸಿಕೊಂಡ ಸಂಗತಿ 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಮನೆಯ ಗಂಡಸರು ಕೊಡವನ್ನೆತ್ತದ ಹೊರತು ಯಾವ ವ್ಯಾಯಾಮವೂ ಇಂಥವರ ಕೈಹಿಡಿಯದು.

ಒಂದು ಕಾಲು ಬಾತು ನೋಯುವುದು, ಏದುಸಿರು, ಜ್ವರ, ಹೆಚ್ಚಿನ ರಕ್ತಸ್ರಾವ, ದುರ್ನಾತದ ಬಿಳಿಸ್ರಾವ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ದವಾಖಾನೆಗೆ ಕರೆದೊಯ್ಯತಕ್ಕದ್ದು.