ಮನೆಯಿಂದಲೇ ಉಚಿತ ಅಂತರಜಾಲ ಕರೆ

ಮೋಡ ಮುಸುಕಿದ ತಂಪು ಹವೆಯಲ್ಲಿ ಟೊಮ್ಯಾಟೊ ಅಂಗಮಾರಿ ಕೆಲವೇ ದಿನಗಳಲ್ಲಿ ಇಡೀ ತಾಕನ್ನು ಸುಟ್ಟಂತೆ ಮಾಡಬಲ್ಲದು. ಇಲವಾಲದ ನಿಮ್ಮ ಮನೆಯಿಂದಲೇ ವಿಡಿಯೊ ಕರೆ ಮಾಡಿ ರೋಗದ ಎಲೆಯನ್ನು ತಜ್ಞರಿಗೆ ತೋರಿಸಿದರೆ ಅಮೂಲ್ಯವಾದ ಒಂದು ದಿನ ಉಳಿಯುತ್ತದೆ.

ಇಂತಹ ಕರೆಯಲ್ಲಿ ಧ್ವನಿಯು ಅಂಕಿಗಳಾಗಿ ಮಾರ್ಪಟ್ಟು, ಸಣ್ಣ ಪೊಟ್ಟಣಗಳಾಗಿ ಸಾಗಿ, ಆ ತುದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಕರೆಗೆ ಬೇರೆ ಶುಲ್ಕವಿಲ್ಲ. ಅಂತರಜಾಲದ ಬಾಡಿಗೆ ಮಾತ್ರ ತಪ್ಪದು.

ಅನುಸರಿಸಬೇಕಾದ ಕ್ರಮಗಳು:

1. ವೈಫೈ ಪೆಟ್ಟಿಗೆಯನ್ನು ಮನೆಯ ನಡುವೆ, ಎತ್ತರದಲ್ಲಿಡಿ. ದಪ್ಪ ಗೋಡೆ ಹಾಗೂ ತಗಡು ಅಲೆಗಳನ್ನು ತಡೆಯುತ್ತವೆ.

2. ಇಬ್ಬರ ಫೋನಿನಲ್ಲೂ ವಾಟ್ಸಾಪ್‌ನಂತಹ ಒಂದೇ ಆ್ಯಪ್ ಇರಬೇಕು. ರೈತ ಸಂಪರ್ಕ ಕೇಂದ್ರದ ಅಧಿಕಾರಿಗಳ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

3. ಎಲೆಯ ಎರಡೂ ಬದಿ, ಕಾಂಡ ಹಾಗೂ ಕಾಯಿಯನ್ನು ಹಗಲು ಬೆಳಕಿನಲ್ಲಿ ತೋರಿಸಿ.

4. ಅಪರಿಚಿತರು ಕೇಳಿದರೆ ಒಟಿಪಿ ಹೇಳಲೇಬೇಡಿ.

ವಿದ್ಯುತ್ ಹೋದರೆ ವೈಫೈ ಪೆಟ್ಟಿಗೆಯೂ ನಿಲ್ಲುತ್ತದೆ. ಆದ್ದರಿಂದ ಸಾಧಾರಣ ಫೋನನ್ನು ಕೈಬಿಡಬೇಡಿ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್‌ಗೆ 1800-180-1551ರಲ್ಲಿ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಸಲಹೆ ಪಡೆಯಬಹುದು. ತುರ್ತು ಸಹಾಯಕ್ಕೆ ಸಾಧಾರಣ ಫೋನಿನಿಂದಲೇ 112ಕ್ಕೆ ಕರೆ ಮಾಡಿರಿ.